ಖಾಲಿ ಪೆಟ್ಟಿಗೆಗೂ ಕುಂಕುಮ

ಬ್ಯಾಡಗಿ
ಇಸವಿ ೨೧೯೪, ಆಶ್ವಯುಜ ಶುದ್ಧ ನವಮಿ, ಮಧ್ಯಾಹ್ನ

ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಒಡತಿ ಶಶಿಕಲಾ ಅಜ್ಜಿಯವರಿಗೆ, ನಿಮ್ಮ ಆರನೇ ತಲೆಮಾರಿನ ನಿರಂಜನಿಯ ನಮಸ್ಕಾರಗಳು.

ತಾರೀಖು ನೋಡಿ ಯಾರೋ ಕೀಟಲೆ ಮಾಡಿದ್ದಾರೆಂದು ಇದನ್ನು ಬದಿಗಿಡಬೇಡಿ. ಹೀಗೆ ಹಿಂದಿನವರಿಗೆ ಬರೆಯುವುದನ್ನು ನಾವು ‘ಹಿನ್ನೋಲೆ’ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಅವಕಾಶ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆಗೆ ನಮ್ಮಲ್ಲಿ ‘ಒಡಲು’ ಎಂದು ಹೆಸರು. ಅದರೊಳಗೆ ಕೂತು ದುಡಿಯುವ, ಕಣ್ಣಿಗೆ ಕಾಣದ ಯಂತ್ರವೇ ‘ಜೀವ’. ನಿಮ್ಮ ಕಾಲದವರು ಅದನ್ನು ವರ್ಚುವಲ್ ಮಷೀನ್ ಎನ್ನುತ್ತಿದ್ದರಂತೆ. ಒಂದು ಒಡಲಿನಲ್ಲಿ ಹಲವು ಜೀವಗಳಿರುತ್ತವೆ, ಒಂದರ ಗೊಡವೆ ಇನ್ನೊಂದಕ್ಕಿಲ್ಲ.

ಈ ವಾರ ನೀವು ಇದೇ ಏರ್ಪಾಟಿಗೆ ಒಪ್ಪಿಗೆ ಕೊಡಲಿದ್ದೀರಿ. ಕೊಡಿ, ಹಿಂದೆ ಮುಂದೆ ನೋಡಬೇಡಿ. ಈಗ ನಿಮ್ಮಲ್ಲಿ ಕೋಣೆಗಳ ತಂಪು ನೋಡಲು ಒಂದು ಕಂಪ್ಯೂಟರ್, ತೂಕಕ್ಕೊಂದು, ಬಿಲ್ಲಿಗೊಂದು, ಬಾಗಿಲುಗಳಿಗೊಂದು. ಎಲ್ಲವೂ ಕರೆಂಟ್ ತಿನ್ನುತ್ತ ದಿನದ ಬಹುಪಾಲು ತೂಕಡಿಸುತ್ತವೆ. ಒಂದು ಕೆಟ್ಟರೆ ಹುಬ್ಬಳ್ಳಿಯಿಂದ ರಿಪೇರಿಯವನು ಬರುವ ತನಕ ಲಾರಿಗಳು ಗೇಟಿನಲ್ಲೇ ನಿಲ್ಲುತ್ತವೆ. ನಮ್ಮಲ್ಲಿ ಆ ಎಲ್ಲ ಕೆಲಸವೂ ಒಂದೇ ಒಡಲಿನಲ್ಲಿ ನಡೆಯುತ್ತದೆ. ಸುಗ್ಗಿಯಲ್ಲಿ ಲಾರಿಗಳು ಹೆಚ್ಚಾದರೆ ಚಹಾ ಕುಡಿದು ಮುಗಿಸುವಷ್ಟರಲ್ಲಿ ತೂಕಕ್ಕೆ ಇನ್ನೊಂದು ಜೀವವನ್ನು ಎಬ್ಬಿಸುತ್ತೇವೆ, ಸುಗ್ಗಿ ಮುಗಿದ ಮೇಲೆ ಮಲಗಿಸುತ್ತೇವೆ. ನಿಮ್ಮ ತೂಕದ ಸಾಫ್ಟ್‌ವೇರ್ ಕೂಡ ಇಲ್ಲಿ ಇನ್ನೂ ಬದುಕಿದೆ, ಅದರ ಹಳೇ ಪೆಟ್ಟಿಗೆ ಮಾತ್ರ ಎಂದೋ ಗುಜರಿಗೆ ಹೋಯಿತು. ಪರದೆಯ ಮೇಲೆ ಈಗಲೂ ‘ಶಶಿಕಲಾ ಮೇಡಂ, ನಮಸ್ಕಾರ’ ಎಂದೇ ಬರುತ್ತದೆ. ಅದನ್ನು ಅಳಿಸಲು ನಮ್ಮಲ್ಲಿ ಯಾರಿಗೂ ಮನಸ್ಸಾಗಿಲ್ಲ.

ಆದರೆ ಈಗ ಆ ಒಂದೇ ಒಡಲು ಅಪಾಯದಲ್ಲಿದೆ, ಅಜ್ಜಿ. ಇಂದು ಆಯುಧಪೂಜೆ. ಬೆಳಿಗ್ಗೆ ಒಡಲಿಗೆ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದೆವು. ಎಸಳು ಉದುರಿ ಸಿಕ್ಕಿಕೊಂಡು ಅದರ ಫ್ಯಾನ್ ನಿಂತುಹೋಗಿದೆ. ಒಡಲು ಬಿಸಿಯೇರುತ್ತಲೇ ಇದೆ, ಇನ್ನಷ್ಟು ಕಾದರೆ ಕೆಟ್ಟು ನಿಲ್ಲುತ್ತದೆ. ದೊಡ್ಡಪ್ಪ ಈರಸಂಗಪ್ಪ ಒಡಲಿನ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದಾರೆ. “ಪೂಜಿ ಆಗೇತವ್ವಾ, ನಾಳಿ ಮಟ ಮುಟ್ಟಬ್ಯಾಡ. ಏನೂ ಆಗೂದಿಲ್ಲ,” ಎನ್ನುತ್ತಾರೆ. ಅವರನ್ನು ದಾಟಿ ಹೋದರೂ ಆರಿಸದೆ ಫ್ಯಾನ್ ಬಿಚ್ಚುವಂತಿಲ್ಲ. ಆರಿಸಿದರೆ ತಂಪೂ ನಿಲ್ಲುತ್ತದೆ, ಮತ್ತೆ ಹತ್ತಿಸಿ ಕೋಣೆಗಳು ತಂಪಾಗುವಷ್ಟರಲ್ಲಿ ರಾತ್ರಿಯಾಗುತ್ತದೆ. ಒಳಗೆ ಇಡೀ ಸೀಮೆಯ ಮೆಣಸಿನ ಬಿತ್ತನೆ ಬೀಜವಿದೆ. ನಮ್ಮ ಕಾಲದ ಬೀಜ ಬಹಳ ನಾಜೂಕು, ನಮ್ಮ ಬಿಸಿಲು ನೀವು ಕಂಡದ್ದಲ್ಲ. ತಂಪು ತಪ್ಪಿದರೆ ಸಂಜೆಯೊಳಗೆ ಅಷ್ಟೂ ಸತ್ತುಹೋಗುತ್ತದೆ, ಬೇರೆಲ್ಲೂ ಒಂದು ಹಿಡಿ ಉಳಿದಿಲ್ಲ.

ಎರಡನೇ ಒಡಲೊಂದಿದ್ದರೆ ಜೀವಗಳನ್ನು ದುಡಿಯುತ್ತಿರುವಾಗಲೇ ಅಲ್ಲಿಗೆ ದಾಟಿಸಬಹುದಿತ್ತು. ಪೂಜೆಯಾದ ಪೆಟ್ಟಿಗೆಗೆ ಬೆರಳು ಕೂಡ ತಾಗಿಸಬೇಕಿರಲಿಲ್ಲ. ದೊಡ್ಡಪ್ಪನ ಮಾತೂ ಉಳಿಯುತ್ತಿತ್ತು, ಬೀಜವೂ ಉಳಿಯುತ್ತಿತ್ತು.

ನನಗೆ ನಿಮ್ಮ ಮೇಲೆ ಸಿಟ್ಟಿದೆ. ನಿಮಗದು ಇನ್ನೂ ಮುಂದಿನ ಮಾತು, ನಮಗೆ ಹಳೆಯದು: ಈ ಏರ್ಪಾಟಿಗೆಂದು ನೀವು ಎರಡು ಪೆಟ್ಟಿಗೆ ಕೊಂಡಿರಿ. ಕೆಲಸ ಮಾಡುವ ಪೆಟ್ಟಿಗೆಗೆ ಕುಂಕುಮ ಹಚ್ಚಿದಿರಿ, ಕಷ್ಟಕ್ಕೆಂದು ಇಟ್ಟ ಖಾಲಿ ಪೆಟ್ಟಿಗೆಯನ್ನು ಬಿಟ್ಟಿರಿ. ನಮ್ಮ ಮನೆಯ ರೀತಿ ನಿಮಗೆ ಗೊತ್ತೇ ಇದೆ: ಕುಂಕುಮ ಕಂಡದ್ದು ಹಳತಾದರೆ ಅದರ ಜಾಗಕ್ಕೆ ಹೊಸದು ಬರುತ್ತದೆ, ಕಾಣದ್ದು ಗುಜರಿ. ನಿಮ್ಮ ಸೊಸೆ ಅದನ್ನು ಗುಜರಿಯವನಿಗೆ ಹಾಕಿದರು. ಆಮೇಲೆ ಯಾರು ಇನ್ನೊಂದು ಒಡಲು ಕೇಳಿದರೂ ಹಿರಿಯರದು ಒಂದೇ ಮಾತು: “ಪೂಜಿ ಇಲ್ಲದ ಪೆಟಿಗಿ ಯಾಕ ಬೇಕು?”

ಆದ್ದರಿಂದ ಕೇಳಿಕೊಳ್ಳುತ್ತೇನೆ. ಬರುವ ಆಯುಧಪೂಜೆಗೆ ಆ ಖಾಲಿ ಪೆಟ್ಟಿಗೆಗೂ ಕುಂಕುಮ ಹಚ್ಚಿ. ಪಕ್ಕದ ಕೋಣೆಯಲ್ಲಿಡಿ, ಆರಿಸಬೇಡಿ. ಹೂವಿನ ಮಾಲೆ ಮಾತ್ರ ಬೇಡ.

ಪಕ್ಕದ ಕೋಣೆಯ ಬಾಗಿಲು ನನ್ನ ಎದುರಿಗೇ ಇದೆ. ಬೆಳಿಗ್ಗೆ ನೋಡಿದಾಗ ಅಲ್ಲಿ ಖಾಲಿ ಚೀಲಗಳಷ್ಟೇ ಇದ್ದವು. ಈ ಓಲೆ ಕಳಿಸಿ, ಆ ಬಾಗಿಲನ್ನು ಮತ್ತೊಮ್ಮೆ ತೆರೆಯುತ್ತೇನೆ.