ಶೇಂಗಾ ಮುಗಿದ ಮೇಲೆ ಸಾದಾ

ಅಕ್ಕಾ,

ನಿನ್ನೆಯಿಂದ ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ನಮ್ಮ ಕಾರ್ಖಾನೆಯ ಲಾರಿ ಡ್ರೈವರ್ ಕೈಯಲ್ಲಿ ಈ ಕಾಗದ ಕೊಟ್ಟಿದ್ದೇನೆ. ನಾನು ಕಳಿಸಿದ ಬಿಸ್ಕತ್ತಿನ ಡಬ್ಬಿಯನ್ನು ಪುಟ್ಟಿಗೆ ಕೊಡಬೇಡ. ಒಂದೇ ಒಂದು ಶೇಂಗಾಕಾಳಿಗೆ ಅವಳ ಗಂಟಲು ಹೇಗೆ ಊದಿಕೊಂಡಿತ್ತು, ನೆನಪಿದೆಯಲ್ಲ. ಡಬ್ಬಿಯ ಮೇಲೆ ‘ಶೇಂಗಾ ಇಲ್ಲ’ ಎಂದಿರುತ್ತದೆ. ನಂಬಬೇಡ.

ಮೊದಲೆಲ್ಲ ಶೇಂಗಾ ಬಿಸ್ಕತ್ತು ಮುಗಿದ ಮೇಲೆ ಯಂತ್ರ ಬಿಚ್ಚಿ, ಬಿಸಿನೀರಲ್ಲಿ ತೊಳೆದು, ಆಮೇಲೆ ಸಾದಾ ಹಿಟ್ಟು ಹಾಕುತ್ತಿದ್ದೆವು. ಈಗ ವ್ಯರ್ಥ ತೆಗೆಯುವ ಹೊಸ ಪದ್ಧತಿ ಬಂದಿದೆ. ಯಂತ್ರ ನಿಂತರೆ ಅದೂ ವ್ಯರ್ಥವಂತೆ. ತೊಳೆಯುವುದೇ ಇಲ್ಲ, ಬರೀ ಗಾಳಿ ಊದಿ ಮುಂದುವರಿಸುತ್ತೇವೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ತಪ್ಪು ಕಂಡವರು ಯಾರು ಬೇಕಾದರೂ ಎಳೆದು ಯಂತ್ರ ನಿಲ್ಲಿಸಲಿ ಎಂದು ಹಳದಿ ಹಗ್ಗವನ್ನೂ ಕಟ್ಟಿದ್ದಾರೆ. ನಿನಗೆ ಡಬ್ಬಿ ಕಳಿಸಿದ ಮೇಲೆ ಒಂದು ದಿನ ಸಾದಾ ಹಿಟ್ಟಿನಲ್ಲಿ ಶೇಂಗಾ ಚೂರು ಕಂಡು ನಾನು ಎಳೆದೆ. ಮೇಲ್ವಿಚಾರಕರು ಎಲ್ಲರನ್ನೂ ಕರೆದು ನನಗೆ ಚಪ್ಪಾಳೆ ಹೊಡೆಸಿದರು. ಆಮೇಲೆ ಹತ್ತಿರ ಬಂದು, “ತುಂಬಾ ಒಳ್ಳೇದಾಯ್ತಮ್ಮ. ಇನ್ಮೇಲೆ ಎಳೀಬೇಡಿ,” ಅಂದರು. ಯಂತ್ರ ಮತ್ತೆ ಓಡಿತು.

ಮರುದಿನವೇ ನನ್ನನ್ನು ಬೇರೆ ಮೇಜಿಗೆ ಹಾಕಿದರು. ‘ಶೇಂಗಾ ಇಲ್ಲ’ ಎಂಬ ಚೀಟಿಯನ್ನು ಡಬ್ಬಿಗೆ ಅಂಟಿಸುವವಳು ಈಗ ನಾನೇ.

ಕೆಲಸ ಬಿಡು ಅನ್ನಬೇಡ. ನಾನು ಬಿಟ್ಟರೆ ಇನ್ನೊಬ್ಬಳು ಅಂಟಿಸುತ್ತಾಳೆ, ಅಷ್ಟೆ. ಆ ಡಬ್ಬಿಯನ್ನು ಡ್ರೈವರ್ ಕೈಯಲ್ಲೇ ವಾಪಸ್ ಕಳಿಸು. ಮುಚ್ಚಳ ತೆರೆಯದೆ ಬಂದರೆ ನಾನು ಉಸಿರಾಡುತ್ತೇನೆ.

ನಿನ್ನ ಮನೆ ಗೊತ್ತಿತ್ತು, ಬರೆದೆ. ಉಳಿದ ಡಬ್ಬಿಗಳು ಯಾರ ಮನೆಗೆ ಹೋದವೋ ಗೊತ್ತಿಲ್ಲ.

ನಿನ್ನ ತಂಗಿ