ತೊಳೆದ ಫ್ಲಾಸ್ಕುಗಳು

ಚಿಂತಾಮಣಿ
೯ ಆಗಸ್ಟ್ ೨೦೦೭

ದಿಬ್ಬೂರಹಳ್ಳಿಯ ಹುಳುಮನೆಯಲ್ಲಿ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿರುವ ನನ್ನವರಿಗೆ,

ಪ್ರಯೋಗ ಗೆದ್ದಿತು! ಫೋನಿನಲ್ಲಿ ಹೇಳಿದರೆ ಅಳು ಬರುತ್ತದೆಂದು ಬರೆಯುತ್ತಿದ್ದೇನೆ.

ಅಕ್ಕನ ಮನೆಗೆ ಬಂದು ಇಪ್ಪತ್ತಮೂರು ದಿನವಾಯಿತು. ಆ ದಿನ ಪರೀಕ್ಷಕರ ಎದುರು ಆದದ್ದನ್ನು ನೀವು ನೋಡಲಿಲ್ಲ. ನನ್ನ ದ್ರಾವಣ ಕೆಂಪಿನಿಂದ ನೀಲಿಗೆ, ನೀಲಿಯಿಂದ ಕೆಂಪಿಗೆ ತಾನಾಗಿಯೇ ತಿರುಗುತ್ತಿರುತ್ತದಲ್ಲ, ಜೀವಕೋಶದ ಪೊರೆಯಲ್ಲಿರುವಂಥ ಜಿಡ್ಡನ್ನು ಕಣ್ಣಿಗೆ ಕಾಣದಷ್ಟು ತೆಳ್ಳಗೆ ಫ್ಲಾಸ್ಕಿನೊಳಗೆ ಸವರಿದರೆ ಆ ತಿರುವು ನಿಧಾನವಾಗುತ್ತದೆ ಎಂದು ತೋರಿಸಬೇಕಿತ್ತು. ಮನೆಯಲ್ಲೇ ಮೂರಕ್ಕೆ ಸವರಿ ತಂದಿದ್ದೆ, ಮೂರು ಬರಿದು. ಆರೂ ನಲವತ್ತೆರಡು ಸೆಕೆಂಡಿಗೇ ಬಣ್ಣ ಬದಲಿಸಿದವು. ನನ್ನ ಮಾರ್ಗದರ್ಶಕರಾದ ರಾಮಾಂಜಿನಪ್ಪ ಮೇಷ್ಟ್ರು, “ಏನಮ್ಮಾ, ಜಿಡ್ಡು ಬಸ್ನಲ್ಲೇ ಇಳ್ಕೊಂಡ್ಬಿಡ್ತಾ?” ಎಂದರು. ಎಲ್ಲರೂ ನಕ್ಕರು.

ಮನೆಗೆ ಬಂದು ಕೇಳಿದರೆ ನೀವು, ಹುಳುವಿನ ತಟ್ಟೆಗಳ ಜೊತೆಗೇ ಆ ಫ್ಲಾಸ್ಕುಗಳನ್ನೂ ಸೋಡಾ ಹಾಕಿದ ಬಿಸಿನೀರಿನಲ್ಲಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿ, ಮತ್ತೆ ಪೆಟ್ಟಿಗೆಗೆ ತುಂಬಿದ್ದೆ ಎಂದಿರಿ. “ಹೊಸ ಹುಳು ಬರೋ ಮುಂಚೆ ಎಲ್ಲೂ ಜಿಡ್ಡಿರ್ಬಾರ್ದು ಕಣೇ” ಎಂದು ಬೇರೆ! ಅತ್ತೆಯ ಎದುರೇ ಕೂಗಾಡಿದೆ. ಮೂರು ವರ್ಷದ ಕೆಲಸ ಹಾಳು ಮಾಡಿದಿರಿ ಎಂದು ಬ್ಯಾಗು ತೆಗೆದುಕೊಂಡೆ. ನೀವೇ ಆ ಬ್ಯಾಗು ಹೊತ್ತು ತಂದು ಬಸ್ಸು ಹತ್ತಿಸಿದಿರಿ.

ನಿನ್ನೆ ಲ್ಯಾಬಿನಲ್ಲಿ ಅವೇ ಮೂರು ಫ್ಲಾಸ್ಕಿಗೆ ಮತ್ತೆ ಸವರಿದೆ. ಐವತ್ತೆಂಟು ಸೆಕೆಂಡು. ಮೇಷ್ಟ್ರು ನಂಬಲಿಲ್ಲ, ಆ ಮೂರು ಗಾಜಿನದೇ ದೋಷವಿರಬೇಕು ಎಂದರು. ಆಗ ನಿಮ್ಮ ಸೋಡಾ ನೀರು ನೆನಪಾಯಿತು. ಅವರ ಕಣ್ಣೆದುರೇ ನಿಮ್ಮ ಹಾಗೆ ಉಜ್ಜಿ ತೊಳೆದೆ: ನಲವತ್ತೆರಡು. ಮತ್ತೆ ಸವರಿದೆ: ಐವತ್ತೆಂಟು. ಗಾಜು ಅದೇ, ಹೋಗಿ ಬಂದದ್ದು ಜಿಡ್ಡಿನ ಪೊರೆ ಮಾತ್ರ. ಮೇಷ್ಟ್ರು ಗಡಿಯಾರ ಬದಲಿಸಿ ನೋಡಿದರು. ಆಮೇಲೆ ಕನ್ನಡಕ ತೆಗೆದು, “ಹಿಂಗೆ ತೊಳಿಯೋದು ಯಾರಮ್ಮಾ ಹೇಳ್ಕೊಟ್ಟಿದ್ದು?” ಎಂದರು. ನಮ್ಮನೆಯವರು ಎಂದೆ. “ಕರ್ಕೊಂಬಾ ಅವರ್ನ, ಲ್ಯಾಬಲ್ಲೇ ಇಟ್ಕೊಳ್ಳಣ!” ಎಂದು ನಕ್ಕರು. ಪ್ರಬಂಧ ಬರೆಯಲು ಒಪ್ಪಿಗೆ ಸಿಕ್ಕಿತು.

ಹುಳು ನಾಲ್ಕನೇ ಸಲ ಪೊರೆ ಕಳಚುವ ಜ್ವರದಿಂದ ಎದ್ದು ಹಗಲಿರುಳು ಮೇಯುತ್ತಿರಬೇಕು. ಅಷ್ಟು ಸೊಪ್ಪು ಕೊಯ್ಯಲು ನಿಮ್ಮೊಬ್ಬರಿಂದ ಆಗದು. ಭಾನುವಾರ ಮೊದಲ ಬಸ್ಸಿಗೆ ಬರಲೇ?

ಉತ್ತರ ಕಾಯುತ್ತಿರುವ,
ಜ್ಯೋತಿಲಕ್ಷ್ಮಿ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಬಚ್ಚಲಿನಿಂದ “ರೀ, ಆ ಪೆಟ್ಟಿಗೇಲಿರೋ ಗಾಜೆಲ್ಲಾ ತೊಳ್ದಿಡ್ರೀ” ಎಂದು ಕೂಗಿದವಳು ನಾನೇ. ಜಿಡ್ಡು ಸವರಿಟ್ಟದ್ದು ಗಾಬರಿಯಲ್ಲಿ ಮರೆತುಹೋಗಿತ್ತು. ಅಕ್ಕನ ಊರಿನ ಬಸ್ಸು ಹೊರಟ ಮೇಲೆ ನಾನು ಕೂಗಿದ್ದು ನೆನಪಾಯಿತು, ಆದರೂ ಇಳಿಯಲಿಲ್ಲ. ನೀವು ಯಾರಿಗೂ ಹೇಳಲಿಲ್ಲ. ಇವತ್ತು ಅತ್ತೆಗೆ ನಾನೇ ಫೋನ್ ಮಾಡಿ ಹೇಳಿದೆ. “ನೀನು ಬಚ್ಚಲಿಂದ ಕೂಗಿದ್ದು ಅವತ್ತೇ ಬೀದಿಗೆಲ್ಲಾ ಕೇಳ್ಸಿತ್ತು ಕಣಮ್ಮಾ” ಎಂದರು.