ಎಣಿಕೆಯಿಂದ ಬಿಟ್ಟ ನಾಲ್ವರು

ಹಳೆ ಗಣಿ, ಹದಿನಾರನೆಯ ಮಜಲು
ಕ್ರಿ.ಶ. 2318, ಹದಿಮೂರನೆಯ ತಿಂಗಳ ಮೂವತ್ತೇಳನೆಯ ದಿನ

ನಳಿನಾಕ್ಷಿಯವರಿಗೆ ಕದಿರಮ್ಮನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ, ಬರೆದವಳ ತಲೆ ನೆಟ್ಟಗೇ ಇದೆ. ನಿಮ್ಮ ಹನ್ನೆರಡು ತಿಂಗಳುಗಳಿಂದ ನಾಲ್ಕು ನಾಲ್ಕು ದಿನ ಕಿತ್ತು ನಮ್ಮ ಹಿರಿಯರು ವರ್ಷದ ಕೊನೆಗೆ ಇನ್ನೊಂದು ತಿಂಗಳು ಮಾಡಿದರು. ಅದಕ್ಕೆ ಬಿಸಿಲು ತಿಂಗಳು ಎಂದು ಹೆಸರು. ಆ ನಲವತ್ತೆಂಟು ದಿನ ಮಾತ್ರ ನಾವು ನೆಲದ ಮೇಲೆ ಹೋಗಿ ನಿಂತರೆ ಚರ್ಮ ಸುಡುವುದಿಲ್ಲ. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮಾತೂ ನನಗೆ ಹಾಗೇ ಇತ್ತು; ಲಾಗಿನ್ ಎನ್ನುವುದು ಯಾವುದೋ ಊರಿನ ಹೆಸರೆಂದು ಎರಡು ವಾರ ನಂಬಿದ್ದೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ ನಮ್ಮಲ್ಲೂ ಇಲ್ಲ. ನಿಮ್ಮ ದನಿ ಸಿಕ್ಕ ಪೆಟ್ಟಿಗೆಯಲ್ಲೇ ಈ ಕಾಗದವನ್ನು ಇಡುತ್ತೇನೆ. ತಲುಪುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿರುವುದೇಕೆಂದರೆ, ನಾಚಿಕೆ ಬಿಟ್ಟು ಹೇಳುತ್ತೇನೆ, ನಿಮ್ಮನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಯಾರಿಗಾದರೂ ಹೇಳದಿದ್ದರೆ ಅನ್ನ ಇಳಿಯುವುದಿಲ್ಲ.

ನಾವಿರುವುದು ಕೋಲಾರದ ಕಡೆಯ ಹಳೆಯ ಗಣಿಯೊಳಗೆ. ನಿಮ್ಮ ಕಾಲದಲ್ಲಿ ಬಾಗಿಲು ಹಾಕಿ ಬಿಟ್ಟಿದ್ದಿರಂತೆ. ಮೇಲಿನ ಕಾವು ತಾಳಲಾರದೆ ನಮ್ಮ ಮುತ್ತಜ್ಜಂದಿರು ಅದರೊಳಗೆ ಇಳಿದರು. ಒಂದೊಂದು ಮಜಲಿನಲ್ಲಿ ನಾನೂರು ಮನೆ. ಮನೆ ಎಂದರೆ ಬಂಡೆಯಲ್ಲಿ ಕೊರೆದ ಗೂಡು, ಎದುರಿಗೆ ಒಂದೇ ಓಣಿ. ಓಣಿ ಎಷ್ಟು ಕಿರಿದೆಂದರೆ ಇಬ್ಬರು ಎದುರಾದರೆ ಒಬ್ಬರು ಬಂಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಹಾಗಾಗಿ ನಮ್ಮಲ್ಲಿ ಒಂದು ಮರ್ಯಾದೆ ಬೆಳೆದಿದೆ. ನೀರಿನ ನಲ್ಲಿಯಿರಲಿ, ರೊಟ್ಟಿಯ ಒಲೆಯಿರಲಿ, ಕೈ ಮುಟ್ಟಿಸಿದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿದು ಬೆನ್ನ ಹಿಂದಿನ ಹಿರಿಯರಿಗೆ ದಾರಿ ಬಿಡಬೇಕು. ಮಕ್ಕಳು ನಡೆಯುವ ಮೊದಲೇ ಹಿಂದೆ ಸರಿಯಲು ಕಲಿಯುತ್ತವೆ ಎಂದು ನಾವೇ ನಗಾಡುತ್ತೇವೆ. ಬಿಸಿಲು ತಿಂಗಳಲ್ಲಿ ತಲೆಗೆ ನಾಲ್ಕು ಬೆಳಗು ಮೇಲೆ ಹೋಗುವ ಹಕ್ಕುಂಟು. ಅದಕ್ಕೆ ಬಿಸಿಲು ಸರದಿ ಎನ್ನುತ್ತೇವೆ. ಆ ಸರದಿ ಹಂಚುವುದು ಓಣಿಯ ಕೊನೆಯಲ್ಲಿರುವ ಗೋಡೆ. ನಿಮ್ಮ ವೆಬ್‌ಸೈಟಿನ ಮರಿಮಗಳು ಅಂದುಕೊಳ್ಳಿ: ಕಲ್ಲಿನ ಮೇಲೆ ಬೆಳಕಿನ ಅಕ್ಷರ ಮೂಡುತ್ತದೆ, ಬೇಕಾದ ದಿನದ ಮೇಲೆ ಅಂಗೈ ಇಟ್ಟರೆ ಸರದಿ ಸಿಗುತ್ತದೆ.

ಗೋಡೆ ಮಾಡುವವರು ಮೇಲಿನ ಮಜಲಿನವರು, ನಾನಲ್ಲ. ನನ್ನ ಕೆಲಸ ಸಾಕ್ಷಿ. ಗೋಡೆ ಪೂರ್ತಿಯಾದ ಮೇಲೆ ಅದನ್ನು ನೆರಳುಮಂದಿಯ ಎದುರಿಗಿಡುತ್ತಾರೆ. ನೆರಳುಮಂದಿ ಎಂದರೆ ಜನರಲ್ಲ, ಜನರ ಹಳೆಯ ದಾಖಲೆಗಳನ್ನು ಕಲಸಿ ಕಟ್ಟಿದ ಲೆಕ್ಕದ ಮನುಷ್ಯರು. ಹತ್ತು ಸಾವಿರ ನೆರಳುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಗೋಡೆಯನ್ನು ಬಳಸಿ ನೋಡಿ, ‘ಸುಲಭವಾಗಿದೆ’ ಎಂದು ತೀರ್ಪು ಕೊಡುತ್ತವೆ. ಆ ತೀರ್ಪಿನ ಕೆಳಗೆ ನನ್ನ ಸಹಿ ಬಿದ್ದರೆ ಗೋಡೆಗೆ ಮೊಹರು. ಮೊಹರಾದ ಗೋಡೆಯನ್ನು ಮೂರು ವರ್ಷ ಯಾರೂ ಮುಟ್ಟುವಂತಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ನಾನು ನಲವತ್ತು ಗೋಡೆಗಳಿಗೆ ಸಹಿ ಹಾಕಿದ್ದೇನೆ. ಒಂದಾದರೂ ಗೋಡೆಯ ಮುಂದೆ ಉಸಿರಾಡುವ ಮನುಷ್ಯರನ್ನು ಕೂರಿಸಿ ನೋಡಿದ್ದಿಲ್ಲ. ನೋಡಬೇಕೆಂದು ತೋಚಲೂ ಇಲ್ಲ.

ಹೋದ ತಿಂಗಳು ಹದಿನಾಲ್ಕನೆಯ ಮಜಲಿನಲ್ಲಿ ಒಂದು ಬಂಡೆ ಕುಸಿದು ಹಳೆಯ ದಾಖಲೆಪೆಟ್ಟಿಗೆ ಸಿಕ್ಕಿತು. ಅದರೊಳಗಿನ ಮಾತಾಡುವ ಚಿತ್ರಗಳಲ್ಲಿ ನೀವಿದ್ದಿರಿ. ಯಾವುದೋ ಊರಿನ ಛತ್ರದ ಊಟದ ಹಾಲಿನಲ್ಲಿ ಉದ್ದನೆಯ ಟೇಬಲ್ಲು, ಪಕ್ಕದಲ್ಲಿ ಚಹದ ಫ್ಲಾಸ್ಕು, ಒಂದು ತಟ್ಟೆ ಬನ್ನು. ಆಸ್ಪತ್ರೆಯೊಂದರ ಡಯಾಲಿಸಿಸ್ ಸರದಿ ಕಾದಿರಿಸಲು ನೀವೆಲ್ಲ ಒಂದು ವೆಬ್‌ಸೈಟ್ ಮಾಡುತ್ತಿದ್ದಿರಿ. ಅದು ಹುಟ್ಟುವ ಮೊದಲೇ ಜನರನ್ನು ಕರೆದು ಕೂರಿಸಿದ್ದಿರಿ! ಮೊದಲ ಕೂಟದಲ್ಲಿ ಪುಟವೇ ಇಲ್ಲ, ಪೆನ್ಸಿಲ್ಲಿನಲ್ಲಿ ಬರೆದ ಹಾಳೆಗಳು. ಮುನಿತಾಯಮ್ಮ ಎಂಬ ಹೆಂಗಸು ಹಾಳೆಯ ಮೇಲೆ ಬೆರಳಿಟ್ಟರೆ ನೀವು ಕೈಯಾರೆ ಮುಂದಿನ ಹಾಳೆ ಇಡುತ್ತಿದ್ದಿರಿ, ಒಳ್ಳೆ ಮಕ್ಕಳಾಟದ ಹಾಗೆ. ಎರಡನೆಯ ಕೂಟದಲ್ಲಿ ಅರ್ಧ ಬೆಂದ ಪುಟ, ಒತ್ತಿದ್ದರಲ್ಲಿ ಅರ್ಧ ಕೆಲಸವೇ ಮಾಡುತ್ತಿರಲಿಲ್ಲ. ಮೂರನೆಯದರಲ್ಲಿ ಪುಟ ನಡೆಯುತ್ತಿತ್ತು. ನಾಲ್ಕನೆಯದು ಊರಿಗೆಲ್ಲ ತೆರೆಯುವ ಹಿಂದಿನ ವಾರ. ಐದನೆಯದು ತೆರೆದು ತಿಂಗಳಾದ ಮೇಲೆ, ಆಸ್ಪತ್ರೆಯ ಬೆಂಚಿನ ಮೇಲೇ. ಐದು ಸಲ, ನಳಿನಾಕ್ಷಿಯವರೇ! ಒಬ್ಬ ಹೆಂಗಸನ್ನು ಐದು ಸಲ ಕರೆದು, ಚಹ ಕೊಟ್ಟು, ಅವಳ ಬೆರಳು ಎಲ್ಲಿ ತಡವರಿಸುತ್ತದೆ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದಿರಿ. ನಮ್ಮಲ್ಲಿ ರಾಜರಿಗೂ ಇಂಥ ಉಪಚಾರ ಇಲ್ಲ.

ನಿಮಗಿಂತ ಹೆಚ್ಚಾಗಿ ನನಗೆ ಹೊಟ್ಟೆಕಿಚ್ಚು ಆ ಮುನಿತಾಯಮ್ಮನ ಮೇಲೆ. ಎರಡನೆಯ ಕೂಟದಲ್ಲಿ ಆಕೆ ಗಂಡನಿಗೆ ಬೇಕಾದ ದಿನವನ್ನು ಒತ್ತಿ, ಫೋನನ್ನು ಬೋರಲು ಮಾಡಿ ಮಡಿಲಲ್ಲಿಟ್ಟುಕೊಂಡು ಸೆರಗು ಸರಿಮಾಡಿ ಸುಮ್ಮನೆ ಕೂತರು. ಅರ್ಧ ನಿಮಿಷಕ್ಕೆ ಪುಟ ಮುಚ್ಚಿಹೋಯಿತು. ಎತ್ತಿ ನೋಡಿದವರ ಮುಖ ಸಣ್ಣಗಾಯಿತು.

“ನಾನೇ ಕೆಡಿಸ್ಬಿಟ್ನಾ ತಾಯಿ?” ಎಂದರು.

“ಇಲ್ಲಮ್ಮ, ತಪ್ಪು ನಿಮ್ದಲ್ಲ, ನಮ್ ಪುಟದ್ದು. ಯಾಕೆ ಕೆಳಗಿಟ್ರಿ, ಅದನ್ನ ಹೇಳಿ” ಎಂದಿರಿ ನೀವು.

“ಚೀಟಿ ಕೊಟ್ಟಮೇಲೆ ಕೂತ್ಕಬೇಕಲ್ವಾ? ಹೆಸರು ಕರೀತಾರೆ.”

ಅಷ್ಟೇ. ಮೂರನೆಯ ಕೂಟದ ಹೊತ್ತಿಗೆ ಪುಟ ಮುಚ್ಚುವುದನ್ನು ಬಿಟ್ಟಿತ್ತು. ಆಕೆ ಫೋನು ಮಡಿಲಲ್ಲಿಟ್ಟು ಕಾದರೆ ಅದೇ ಹೆಸರು ಹಿಡಿದು ಕರೆಯುತ್ತಿತ್ತು. ಆಕೆ ಬಾಯಿಗೆ ಸೆರಗು ಹಚ್ಚಿ ನಕ್ಕರು. ‘ತಪ್ಪು ನಿಮ್ದಲ್ಲ’ ಎನ್ನುವ ಆ ನಿಮ್ಮ ದನಿಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿದಾಗಲೆಲ್ಲ ಮೈ ಪರಚಿಕೊಳ್ಳುವಂತಾಗುತ್ತದೆ. ಆ ಹೆಂಗಸಿಗೆ ಸಿಕ್ಕಿದ್ದು ನಮ್ಮವ್ವನಿಗೆ ಯಾಕೆ ಸಿಗಲಿಲ್ಲ?

ನಮ್ಮವ್ವನ ಹೆಸರು ಪಿಳ್ಳಮ್ಮ, ವಯಸ್ಸು ಎಪ್ಪತ್ತೊಂದು. ಮೂರು ವರ್ಷದಿಂದ ಆಕೆ ಬಿಸಿಲು ಕಂಡಿಲ್ಲ. ಪ್ರತಿ ಸರದಿಗೂ ಗೋಡೆಯ ತನಕ ಹೋಗುತ್ತಾಳೆ, ಬರಿಗೈಯಲ್ಲಿ ಬರುತ್ತಾಳೆ, ಕೇಳಿದರೆ ತನಗೆ ಬಿಸಿಲು ಆಗಿಬರುವುದಿಲ್ಲ, ಕಣ್ಣು ಕುಕ್ಕುತ್ತದೆ, ಅದಕ್ಕೇ ಬೇಡವೆಂದೆ ಎನ್ನುತ್ತಾಳೆ. ಗೋಡೆಯ ದಾಖಲೆಯಲ್ಲೂ ಹಾಗೇ ಇದೆ: ಪಿಳ್ಳಮ್ಮ, ಇಚ್ಛೆಯಿಲ್ಲ. ನಾನು ನಂಬಿದೆ. ಮುದುಕರ ಹಟ ಎಂದು ಒಮ್ಮೊಮ್ಮೆ ಗದರಿದ್ದೂ ಉಂಟು. ಅವಳ ತೊಡೆಯ ಮೂಳೆ ಬಿಸಿಲಿಲ್ಲದೆ ಮೆತ್ತಗಾಗಿದೆ. ಈ ತಿಂಗಳ ಮೂರು ಬೆಳಗೂ ಹೋದವು. ನಲವತ್ತನೆಯ ದಿನದ ಕೊನೆಯ ಬೆಳಗೂ ತಪ್ಪಿದರೆ ಬರುವ ವರ್ಷ ಮೇಲಿನ ಮೆಟ್ಟಿಲು ಹತ್ತುವ ಮಾತೇ ಇಲ್ಲ ಎಂದು ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ.

ನಿಮ್ಮ ಮುನಿತಾಯಮ್ಮನನ್ನು ನೋಡಿದ ಮರುದಿನ ನಾನು ಹೋಗಿ ಸಾಲಿನ ಪಕ್ಕ, ಅವ್ವನ ಕಣ್ಣಿಗೆ ಬೀಳದಂತೆ ನಿಂತೆ. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ, ಗೋಡೆಯನ್ನಲ್ಲ, ಗೋಡೆಯ ಮುಂದಿನ ಜನರನ್ನು ನೋಡಿದೆ. ಅವ್ವ ದಿನದ ಮೇಲೆ ಅಂಗೈ ಇಟ್ಟಳು. ಇಟ್ಟ ಕೂಡಲೇ, ಹಿಂದಿದ್ದ ಹಿರಿಯರಿಗೆ ದಾರಿ ಬಿಡಲು ಒಂದು ಹೆಜ್ಜೆ ಹಿಂದೆ ಸರಿದಳು. ಗೋಡೆಗೆ ಅಂಗೈ ಎರಡು ಸಲ ಬೇಕು, ದಿನ ಹೇಳಲು ಒಮ್ಮೆ, ಖಾತ್ರಿಗೆ ಇನ್ನೊಮ್ಮೆ; ನಡುವೆ ಹಿಂದೆ ಸರಿದರೆ ಬೇಡವೆಂದು ಅರ್ಥ. ಬೆಳಕು ಆರಿತು. ಅವ್ವ ಸುತ್ತ ಒಮ್ಮೆ ನೋಡಿ, ಯಾರೂ ನೋಡಲಿಲ್ಲವೆಂದು ಖಾತ್ರಿಮಾಡಿಕೊಂಡು, ತಲೆ ತಗ್ಗಿಸಿ ಹೊರಟುಬಿಟ್ಟಳು. ಅವಳ ಹಿಂದೆ ಇನ್ನೂ ಆರು ಜನ ಹಾಗೇ ಹೋದರು, ಎಲ್ಲರೂ ಮರ್ಯಾದಸ್ಥರು. ತಳ್ಳಾಡಿ ನಿಲ್ಲುವವರಿಗೆಲ್ಲ ಸರದಿ ಸಿಕ್ಕಿತು. ಆ ಗೋಡೆಯ ಕೆಳಗೆ ಇರುವುದು ನನ್ನ ಸಹಿ.

ನೆರಳುಮಂದಿಗೆ ಇದು ಯಾಕೆ ಕಾಣಲಿಲ್ಲ? ಅವುಗಳ ಹಿಂದೆ ಯಾರೂ ನಿಂತಿರುವುದಿಲ್ಲ, ಸರಿ. ಆದರೆ ಹತ್ತು ಸಾವಿರದಲ್ಲಿ ಒಂದಾದರೂ ತಡವರಿಸಬೇಡವೇ, ಬೇಸತ್ತು ಎದ್ದು ಹೋಗಬೇಡವೇ? ಉತ್ತರ ಹುಡುಕುತ್ತ ನಿಮ್ಮ ಪೆಟ್ಟಿಗೆಯ ತಳಕ್ಕೆ ಹೋದೆ. ಎರಡನೆಯ ಕೂಟದ ನಿಮ್ಮ ವರದಿ ಅಲ್ಲಿತ್ತು. ಬಂದವರು ಹನ್ನೆರಡು ಜನ. ಕೆಳಗೆ ಸಣ್ಣಕ್ಷರದಲ್ಲಿ ನೀವು ಬರೆದಿದ್ದೀರಿ: ‘ಪೂರ್ತಿ ಮಾಡದ ನಾಲ್ವರನ್ನು ಎಣಿಕೆಯಿಂದ ಬಿಡಲಾಗಿದೆ.’ ಆ ನಾಲ್ವರನ್ನು ನಾನು ಚಿತ್ರದಲ್ಲಿ ನೋಡಿದ್ದೇನೆ. ಒಬ್ಬರು ಹಸಿರು ಚೌಕಳಿ ಲುಂಗಿಯವರು. ಎರಡು ಸಲ ಒತ್ತಿ, ಏನೂ ಆಗದೆ, ಬಸ್ಸು ಹೋಗುತ್ತದೆ ಎಂದು ಹೇಳಿ, ಬನ್ನನ್ನೂ ಮುಟ್ಟದೆ ಎದ್ದರು. ನೀವು ಸರಿ ಅಣ್ಣ ಎಂದು ಮುಂದಿನವರನ್ನು ಕರೆದಿರಿ.

ಅಲ್ಲಾ ತಾಯಿ, ನಿಮ್ಮ ಕೈಯಲ್ಲಿ ಎಲ್ಲ ಇತ್ತು! ಕಾಗದವಿತ್ತು, ಪೆನ್ಸಿಲ್ಲಿತ್ತು, ಹೊತ್ತಿತ್ತು, ಕರೆದರೆ ಬರುವ ಜನರಿದ್ದರು, ಕೆಡಿಸಿ ಮತ್ತೆ ಕಟ್ಟುವ ಸ್ವಾತಂತ್ರ್ಯವಿತ್ತು. ಅಷ್ಟೆಲ್ಲ ಇಟ್ಟುಕೊಂಡು ಎದ್ದು ಹೋದವರನ್ನು ಯಾಕೆ ಬಿಟ್ಟಿರಿ? ನಿಮ್ಮಂಥವರ ಸಾವಿರಾರು ವರದಿಗಳಿಂದಲೇ ಮುಂದೆ ನೆರಳುಮಂದಿಯನ್ನು ಕಟ್ಟಿದರು. ಮುಗಿಸಿದವರ ದಾಖಲೆ ಮಾತ್ರ ಇದ್ದದ್ದರಿಂದ ಮುಗಿಸುವವರನ್ನೇ ಕಟ್ಟಿದರು. ನಮ್ಮ ನೆರಳುಗಳಿಗೆ ನಾಚಿಕೆಪಡಲು ಬರುವುದಿಲ್ಲ, ನೆಪ ಹೇಳಲು ಬರುವುದಿಲ್ಲ, ಬಸ್ಸು ಹಿಡಿಯಲು ಬರುವುದಿಲ್ಲ. ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ, ನೀವು ಐದು ಸಲ ನೋಡಿದಿರಿ, ನಾನು ಒಂದು ಸಲವೂ ನೋಡಲಿಲ್ಲ. ಆದರೂ ಬೈಯುತ್ತಿದ್ದೇನೆ.

ನಾಡಿದ್ದು ಹೊಸ ಗೋಡೆಗೆ ಮೊಹರಾಗಬೇಕು, ಹಳೆಯದರ ಬೆಳಕನ್ನು ಆಗಲೇ ಆರಿಸಿದ್ದಾರೆ. ಹೊಸದರ ತೀರ್ಪೂ ಬಂದಿದೆ: ಸುಲಭವಾಗಿದೆ. ನಿನ್ನೆ ನಾನು ನಿಮ್ಮನ್ನು ನಕಲು ಮಾಡಿದೆ. ನಮ್ಮಲ್ಲಿ ಕಾಗದ ಸಿಗುವುದು ಕಷ್ಟ. ಈ ಹಾಳೆಗಳೂ ನಿಮ್ಮ ಪೆಟ್ಟಿಗೆಯವೇ. ಅದಕ್ಕೆ ಗೂಡಿನ ಬಂಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಹೊಸ ಗೋಡೆಯ ಚಿತ್ರ ಬರೆದೆ. ಅವ್ವನನ್ನು ಕರೆದೆ. ಪಕ್ಕದ ಗೂಡಿನ ದ್ಯಾವಪ್ಪನವರಿಗೆ ಎಂಬತ್ತನಾಲ್ಕು, ಅವರನ್ನು ಬೇಕೆಂದೇ ಅವಳ ಬೆನ್ನ ಹಿಂದೆ ನಿಲ್ಲಿಸಿದೆ. ಚಹ ಮಾತ್ರ ಇರಲಿಲ್ಲ, ಬಿಸಿನೀರು ಕೊಟ್ಟೆ. ಅವ್ವ ಅನುಮಾನದಿಂದ ನನ್ನ ಮುಖ ನೋಡಿ, ಚಿತ್ರದ ಮೇಲೆ ಅಂಗೈ ಇಟ್ಟು, ನಿರೀಕ್ಷಿಸಿದಂತೆಯೇ ಒಂದು ಹೆಜ್ಜೆ ಹಿಂದೆ ಬಂದಳು. ನಾನು ಒದ್ದೆಬಟ್ಟೆಯಿಂದ ಆ ದಿನವನ್ನು ಒರೆಸಿದೆ, ಗೋಡೆ ಮಾಡುವುದು ಅದನ್ನೇ. ಅವಳ ಮುಖವೂ ಮುನಿತಾಯಮ್ಮನ ಮುಖದ ಹಾಗೇ ಸಣ್ಣಗಾಯಿತು. ಬಿಸಿಲು ಆಗಿಬರುವುದಿಲ್ಲ ಎಂದು ಶುರುಮಾಡಿದಳು.

“ತಪ್ಪು ನಿಂದಲ್ಲವ್ವ, ಗೋಡೇದು” ಎಂದೆ. ನಿಮ್ಮಷ್ಟು ನಯವಾಗಿ ಹೇಳಲು ಆಗಲಿಲ್ಲ.

ದ್ಯಾವಪ್ಪನವರು ಇನ್ನೊಂದು ಹೆಜ್ಜೆ ಹಿಂದೆ ಸರಿದು ಬಂಡೆಯ ಕಡೆ ಮುಖ ಮಾಡಿದರು. ಆಮೇಲೆ ಅವ್ವ ಕಣ್ಣೊರೆಸಿಕೊಂಡು ಹೇಳಿದಳು: “ಹಂಗಾದ್ರೆ ಬರ್ಕೊ. ಪಿಳ್ಳಮ್ಮಂಗೆ ಬಿಸಿಲು ಬೇಕು ಅಂತ ಬರ್ಕೊ. ಮೂರು ವರ್ಷದಿಂದ ಬೇಕು.”

ಬರೆದುಕೊಂಡೆ. ಇವತ್ತು ಬೆಳಿಗ್ಗೆ ಮೇಲಿನ ಮಜಲಿಗೆ ಹೋಗಿ, ಸಹಿ ಹಾಕುವುದಿಲ್ಲ ಎಂದು ಹೇಳಿ ಬಂದೆ. ಸಾಕ್ಷಿಯ ಕೆಲಸ ಹೋಗುತ್ತದೆ, ಎಲ್ಲಕ್ಕೂ ಕೆಳಗಿನ, ನೀರೆತ್ತುವ ಪಂಪಿನ ಮಜಲಿಗೆ ತಳ್ಳುತ್ತಾರೆ ಎಂದು ಹೆದರಿಸಿದ್ದಾರೆ, ತಳ್ಳಲಿ. ಸಹಿಯಿಲ್ಲದೆ ಗೋಡೆಗೆ ಮೊಹರಿಲ್ಲ, ಮೊಹರಿಲ್ಲದಿದ್ದರೆ ಸರದಿಯನ್ನು ಮನುಷ್ಯರೇ ಬಾಯಲ್ಲಿ ಕರೆಯಬೇಕು ಎಂಬುದು ನಮ್ಮ ಹಳೆಯ ಕಟ್ಟಳೆ. ನಲವತ್ತನೆಯ ದಿನ ಬೆಳಿಗ್ಗೆ ಓಣಿಯ ಬಾಯಲ್ಲಿ ಒಬ್ಬರು ನಿಂತು ಹೆಸರು ಕರೆಯುತ್ತಾರೆ. ಅವ್ವ ಈಗಲೇ ಶಾಲು ಒಗೆದು ಹಾಕಿದ್ದಾಳೆ, ಕಿವಿ ಸರಿಯಾಗಿ ಕೇಳುತ್ತದೆಯೋ ಇಲ್ಲವೋ ಎಂದು ನನ್ನಿಂದ ಹತ್ತು ಸಲ ತನ್ನ ಹೆಸರು ಕರೆಸಿದ್ದಾಳೆ.

ನಿಮ್ಮ ಮೇಲಿನ ಹೊಟ್ಟೆಕಿಚ್ಚು ಇದರಿಂದ ಆರಿಲ್ಲ, ಆರುವುದೂ ಇಲ್ಲ. ನಾನು ಒಂದು ಸಲ ನೋಡಿದ್ದಕ್ಕೆ ಕೆಲಸ ಕಳೆದುಕೊಳ್ಳಬೇಕು. ನಿಮಗೆ ಅದೇ ಕೆಲಸವಾಗಿತ್ತು. ಅಷ್ಟು ಭಾಗ್ಯವಂತರಾದ ನಿಮ್ಮಲ್ಲಿ ಒಂದೇ ಬೇಡಿಕೆ. ಕೂಟ ಮಾಡುವಾಗ ಮುಗಿಸಿದವರಿಗೆ ಬನ್ನು ಕೊಟ್ಟು ಕಳಿಸಿ, ಅವರು ಹೇಗೂ ಬದುಕುತ್ತಾರೆ. ಎದ್ದು ಹೋಗುವವರ ಹೆಸರು ಬರೆದಿಡಿ. ಆ ಲುಂಗಿಯವರ ಹಿಂದೆ ಬಸ್ ಸ್ಟ್ಯಾಂಡಿನ ತನಕ ಹೋಗಿ, ಪಕ್ಕದಲ್ಲಿ ಕೂತು, ತಪ್ಪು ನಿಮ್ಮದಲ್ಲ ಅಣ್ಣ ಎಂದು ಹೇಳಿ. ಆ ಹೊತ್ತಿಗೆ ಯಾವ ಬಸ್ಸೂ ಇರಲಿಲ್ಲ ಎಂದು ನಿಮಗೇ ತಿಳಿಯುತ್ತದೆ.

ಇಂತು,
ಪಿಳ್ಳಮ್ಮನ ಮಗಳು ಕದಿರಮ್ಮ
ಸಾಕ್ಷಿ, ನಾಡಿದ್ದಿನವರೆಗೆ